ಮೀನುಗಾರಿಕೆ ಹರಿಗೋಲು

ಮೀನುಗಾರಿಕೆ ಹರಿಗೋಲು ಎಂಬುದು ಬಿದಿರಿನ ಸೀಳುಗಳನ್ನು ಬುಟ್ಟಿಯಾಕಾರದಲ್ಲಿ ಹೆಣೆದು, ಹೊರಮೈಗೆ ನೀರು ಒಸರದಂತೆ ಹೊದಿಕೆ ಹಾಕಿ, ಮೀನು ಹಿಡಿಯಲು ಬಳಸುವ ದುಂಡನೆಯ ದೋಣಿ. ಇದನ್ನು ತೆಪ್ಪವೆಂದೂ ಕರೆಯುವುದುಂಟು. ಕರ್ನಾಟಕದ ವಿಜಯನಗರ ಜಿಲ್ಲೆಯಲ್ಲಿ ತುಂಗಭದ್ರಾ ನದಿ ಹಾಗೂ ಜಲಾಶಯದ ಹಿನ್ನೀರಿನಲ್ಲಿ ಇದು ಬಳಕೆಯಲ್ಲಿದೆ. ಅನ್ಯದೇಶಗಳ ಹವ್ಯಾಸಿಗಳು ಕಯಾಕ್ ಎಂಬ ಕಿರಿದೋಣಿಗೆ ಅಳವಡಿಸುವ ವಿದ್ಯುನ್ಮಾನ ಉಪಕರಣಗಳಲ್ಲಿ ಕೆಲವನ್ನು ಹರಿಗೋಲಿಗೂ ಹೊಂದಿಸಬಹುದಾಗಿದೆ.

ಇತಿಹಾಸ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಾಗಿದ್ದು ತೊಗಲು ಹೊದಿಸಿದ್ದ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಹದಿನೈದರಿಂದ ಇಪ್ಪತ್ತು ಜನರನ್ನು ಹೊರುತ್ತಿದ್ದವು, ಸುತ್ತುತ್ತಲೇ ಸಾಗುತ್ತಿದ್ದವು. ಹೂವಿನಹಡಗಲಿಯಿಂದ ರಾಜಧಾನಿಗೆ ನದಿಯ ಮೂಲಕ ಹೂವು ಸಾಗಿಸುತ್ತಿದ್ದುದರಿಂದ ಆ ಊರಿಗೆ ಹೆಸರು ಬಂದಿತೆಂಬ ಪ್ರತೀತಿಯಿದೆ. ದೋಣಿ ನಡೆಸುವ ಅಂಬಿಗ ವೃತ್ತಿಯ ಹೆಸರು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಮೂಲಕ ಕನ್ನಡ ಸಾಹಿತ್ಯದಲ್ಲಿಯೂ ನೆಲೆಗೊಂಡಿದೆ.

ಭೌಗೋಳಿಕ ಹಿನ್ನೆಲೆ

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಇದರ ಹಿನ್ನೀರು ಹಗರಿಬೊಮ್ಮನಹಳ್ಳಿ ಹಾಗೂ ಹೂವಿನಹಡಗಲಿ ತಾಲ್ಲೂಕುಗಳತ್ತ ಹರಡಿದೆ. ಹರಪನಹಳ್ಳಿ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ ನದಿ ಹರಿಯುತ್ತದೆ. ಕೂಡ್ಲಿಗಿ ಮತ್ತು ಕೊಟ್ಟೂರು ತಾಲ್ಲೂಕುಗಳು ನದಿಯಿಂದ ದೂರವಿದ್ದು, ಅಲ್ಲಿಯ ಮೀನುಗಾರಿಕೆ ಕೆರೆಗಳನ್ನು ಅವಲಂಬಿಸಿದೆ.

ಜಲಾಶಯದ ಸಂಗ್ರಹ ಸಾಮರ್ಥ್ಯ ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿಯಷ್ಟಿದ್ದು, ಹೂಳು ತುಂಬಿದ್ದರಿಂದ ಸುಮಾರು 105.8 ಟಿಎಂಸಿ ಅಡಿಗೆ ಇಳಿದಿದೆ. ಬೇಸಿಗೆಯಲ್ಲಿ ನೀರು ದಡದಿಂದ ಬಹುದೂರ ಹಿಂದೆ ಸರಿಯುತ್ತದೆ. ತಳ ಚಪ್ಪಟೆಯಾಗಿರುವ ಹರಿಗೋಲು ಅಲ್ಪ ಆಳದಲ್ಲಿಯೂ ತೇಲಬಲ್ಲದು. ಹಗುರವಾಗಿರುವುದರಿಂದ ಚಿಕ್ಕ ಹರಿಗೋಲನ್ನು ತಲೆಯ ಮೇಲೆ ಹೊತ್ತು ಒಯ್ಯಬಹುದು. ಇಂತಹ ನೀರಿಗೆ ಅದು ಒಗ್ಗಲು ಇವೇ ಮುಖ್ಯ ಕಾರಣಗಳು.

ರಚನೆ ಮತ್ತು ಸಾಂಪ್ರದಾಯಿಕ ಸಲಕರಣೆಗಳು

ಹಿಂದೆ ತೊಗಲನ್ನು ಹೊದಿಸುತ್ತಿದ್ದ ಕಡೆ ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರ್ ಗಾಜಿನ ಹರಿಗೋಲುಗಳೂ ಬಂದಿವೆ. ಮೀನು ಹಿಡಿಯಲು ಹೊರಟ ಹರಿಗೋಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ವಸ್ತುಗಳಿರುತ್ತವೆ:

• ಹುಟ್ಟು: ದೋಣಿ ನಡೆಸಲು. ಆಳ ಕಡಿಮೆಯಿರುವಲ್ಲಿ ಬಿದಿರಿನ ಗಳವನ್ನು ನೆಲಕ್ಕೆ ಊರಿ ತಳ್ಳುತ್ತಾರೆ.
• ಬಲೆ: ಮೇಲಂಚಿಗೆ ಬೆಂಡು, ಕೆಳಅಂಚಿಗೆ ಭಾರದ ಗುಂಡು ಕಟ್ಟಿದ ಕಿವಿರುಬಲೆ, ಮತ್ತು ಬೀಸುಬಲೆ.
• ಲಂಗರು: ಹಗ್ಗ ಕಟ್ಟಿದ ಕಲ್ಲು.
• ನೀರು ಮೊಗೆಯುವ ಡಬ್ಬಿ ಮತ್ತು ಬ್ಯಾಟರಿ ದೀಪ.

ಕಾಟ್ಲಾ, ರೋಹು ಮತ್ತು ಮೃಗಾಲ್ ಜಲಾಶಯಗಳಲ್ಲಿ ಬಿತ್ತಿ ಬೆಳೆಸುವ ಪ್ರಮುಖ ಮೀನುಗಳು.

ವಿದ್ಯುನ್ಮಾನ ಉಪಕರಣಗಳು

ಮೀನುಶೋಧಕ: ಇದು ಸೋನಾರ್ ತತ್ತ್ವವನ್ನು ಆಧರಿಸಿದ ಉಪಕರಣ. ನೀರಿಗೆ ಕಳುಹಿಸಿದ ಶಬ್ದದ ಅಲೆಯು ತಳಕ್ಕೋ ಮೀನಿಗೋ ತಾಗಿ ಮರಳಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕ ಹಾಕಲಾಗುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್; ಆದ್ದರಿಂದ 10 ಮೀಟರ್ ಆಳದ ತಳದಿಂದ ಪ್ರತಿಧ್ವನಿ ಸುಮಾರು 13.5 ಮಿಲಿಸೆಕೆಂಡುಗಳಲ್ಲಿ ಮರಳುತ್ತದೆ. ಅಲೆಯು ಶಂಕುವಿನಂತೆ ಹರಡುತ್ತದೆ. ಶಂಕುವಿನ ಕೋನ 20 ಡಿಗ್ರಿಯಾಗಿದ್ದರೆ 10 ಮೀಟರ್ ಆಳದಲ್ಲಿ ಸುಮಾರು 3.5 ಮೀಟರ್ ವ್ಯಾಸದ ವೃತ್ತವೂ 2 ಮೀಟರ್ ಆಳದಲ್ಲಿ ಕೇವಲ 0.7 ಮೀಟರ್ ವ್ಯಾಸದ ವೃತ್ತವೂ ಕಾಣುತ್ತದೆ. ಹೀಗಾಗಿ ಹೂಳು ತುಂಬಿದ ಹಿನ್ನೀರಿನಲ್ಲಿ ಈ ಉಪಕರಣ ಮೀನು ಹುಡುಕುವುದಕ್ಕಿಂತ ಆಳವನ್ನೂ ಮುಳುಗಿದ ಮರದ ಬೊಡ್ಡೆಗಳನ್ನೂ ತಿಳಿಯಲು ಹೆಚ್ಚು ಉಪಯುಕ್ತ.

ಸ್ಥಾನಸೂಚಕ: ಜಿಪಿಎಸ್ ಅಥವಾ ಭಾರತದ ನಾವಿಕ್ ಉಪಗ್ರಹಗಳ ಸಂಕೇತದಿಂದ, ಬಲೆ ಬಿಟ್ಟ ಜಾಗವನ್ನು ಗುರುತಿಟ್ಟುಕೊಂಡು ಕತ್ತಲೆಯಲ್ಲಿಯೂ ಅಲ್ಲಿಗೆ ಮರಳಬಹುದು. ಹರಿಗೋಲು ತಿರುಗುತ್ತಿರುವುದರಿಂದ ಅದಕ್ಕೆ ಬಿಗಿದ ದಿಕ್ಸೂಚಿಯ ಮುಳ್ಳನ್ನು ನೋಡಿ ಸಾಗುವ ದಿಕ್ಕನ್ನು ಅರಿಯುವುದು ಕಷ್ಟ. ಸ್ಥಾನಸೂಚಕವು ಚಲನೆಯಿಂದಲೇ ದಿಕ್ಕನ್ನು ಗಣಿಸುವುದರಿಂದ ಈ ತೊಡಕು ಕಡಿಮೆ.

ಬ್ಯಾಟರಿ: 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯು ಅರ್ಧ ಆಂಪಿಯರ್ ಎಳೆಯುವ ಉಪಕರಣವನ್ನು ಲೆಕ್ಕಕ್ಕೆ 14 ಗಂಟೆ ನಡೆಸಬಲ್ಲದು. ಆದರೆ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದಾಗಿಸಿದರೆ ಅದರ ಬಾಳಿಕೆ ಕುಗ್ಗುವುದರಿಂದ 7 ಗಂಟೆಯನ್ನಷ್ಟೇ ನಂಬಬೇಕು. ಅದನ್ನು ನೀರು ನುಗ್ಗದ ಪೆಟ್ಟಿಗೆಯಲ್ಲಿರಿಸಿ ಫ್ಯೂಸ್ ಅಳವಡಿಸುವುದು ಅಗತ್ಯ.

ಅಳವಡಿಕೆ

ಬಿದಿರಿನ ಹೆಣಿಗೆಗೆ ರಂಧ್ರ ಕೊರೆದರೆ ಹೊದಿಕೆ ಹರಿಯುತ್ತದೆ. ಆದುದರಿಂದ ಶಬ್ದ ಹೊಮ್ಮಿಸುವ ಭಾಗವನ್ನು ಕೋಲಿಗೆ ಕಟ್ಟಿ, ಅಂಚಿನಿಂದ ನೀರಿಗೆ ನೇರವಾಗಿ ಇಳಿಬಿಡುವುದು ಸೂಕ್ತ. ಭಾರವಾದ ಬ್ಯಾಟರಿಯು ತಳದ ನಡುವೆ ಇರಬೇಕು. ಒಂದೇ ಬದಿಗೆ ಭಾರ ಬಿದ್ದರೆ ಹರಿಗೋಲು ವಾಲುತ್ತದೆ. ತಂತಿಗಳು ಬಲೆಗೆ ಸಿಕ್ಕಿಕೊಳ್ಳದಂತೆ ಒಳಅಂಚಿಗೆ ಕಟ್ಟಬೇಕು.

ಸುರಕ್ಷತೆ ಮತ್ತು ಕಾನೂನು

ವಿಶಾಲ ಹಿನ್ನೀರಿನಲ್ಲಿ ಗಾಳಿ ಎದ್ದಾಗ ಅಲೆಗಳು ಏಳುತ್ತವೆ; ತುಂಬಿದ ಬಲೆಯನ್ನು ಒಂದೇ ಬದಿಯಿಂದ ಎಳೆಯುವಾಗ ದೋಣಿ ಮಗುಚುವ ಅಪಾಯವಿದೆ. ಬಲೆಗೆ ಕಾಲು ಸಿಕ್ಕಿದರೆ ಈಜು ಬಲ್ಲವರೂ ಮುಳುಗಬಹುದು. ಆದುದರಿಂದ ಎಲ್ಲ ಉಪಕರಣಗಳಿಗಿಂತ ಮೊದಲು ಜೀವರಕ್ಷಕ ಜಾಕೆಟ್, ಹಗ್ಗ ಕತ್ತರಿಸುವ ಚಾಕು, ಸೀಟಿ ಮತ್ತು ನೀರು ತಾಗದ ಚೀಲದಲ್ಲಿಟ್ಟ ಮೊಬೈಲ್ ಫೋನ್ ಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ತೂಬುಗೇಟು ಕೊಚ್ಚಿಹೋದಂತೆ, ನದಿಯ ಕೆಳಭಾಗದಲ್ಲಿ ಹರಿವು ಏಕಾಏಕಿ ಏರಬಹುದಾದ್ದರಿಂದ ಅಧಿಕೃತ ಎಚ್ಚರಿಕೆಗಳನ್ನು ಗಮನಿಸುವುದು ಅವಶ್ಯ.

ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ ಸಾಮೂಹಿಕ ಅಪಘಾತ ವಿಮೆಯಿದ್ದು, ಅಪಘಾತದಲ್ಲಿ ಮರಣ ಸಂಭವಿಸಿದರೆ 5 ಲಕ್ಷ ರೂಪಾಯಿ ಪರಿಹಾರಕ್ಕೆ ಅವಕಾಶವಿದೆ.

ಇವನ್ನೂ ನೋಡಿ

• ತುಂಗಭದ್ರಾ ಅಣೆಕಟ್ಟು
• ವಿಜಯನಗರ ಜಿಲ್ಲೆ
• ಸೋನಾರ್
• ಕಯಾಕ್