ಏಳು ಫೇಜುಗಳ ಪಾಠಶಾಲೆ

ವಿಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶೋಧಗಳ ಚರಿತ್ರೆಯೆಂದೇ ಓದುತ್ತೇವೆ. ಯಾರು, ಯಾವ ವರ್ಷ, ಏನನ್ನು ಕಂಡುಹಿಡಿದರು ಎಂಬುದನ್ನು ಬಾಯಿಪಾಠ ಮಾಡುತ್ತೇವೆ. ಆ ಶೋಧ ಮಾಡಿದ ಕೈಗಳನ್ನು ಯಾರು ತಿದ್ದಿದರು, ಎಲ್ಲಿ ತಿದ್ದಿದರು ಎಂದು ಕೇಳುವುದು ಕಡಮೆ. ವೈದ್ಯವಿದ್ಯಾರ್ಥಿಗಳಿಗೆ ಹಲವು ವರ್ಷ ಸೂಕ್ಷ್ಮಜೀವಿಶಾಸ್ತ್ರವನ್ನು ಬೋಧಿಸಿದ ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ತೋರುತ್ತದೆ. ಸಾಂಕ್ರಾಮಿಕ ರೋಗಗಳನ್ನು ಅಭ್ಯಾಸಮಾಡುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಂದು ಅಣುಜೀವವಿಜ್ಞಾನದ ಪ್ರಾರಂಭಿಕ ತರಬೇತಿಯನ್ನು ಕೊಡುತ್ತೇವಷ್ಟೆ. ಅಂಥ ತರಬೇತಿಗಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟ ಒಂದು ಬೇಸಗೆಯ ಪಾಠಶಾಲೆಯ ವೃತ್ತಾಂತವನ್ನು ಈಗ ನಿಮ್ಮ ಮುಂದಿಡುತ್ತೇನೆ.

ಕಥೆ ಆರಂಭವಾಗುವುದು ರೋಗದಿಂದಲೇ. ಆದರೆ ಅದು ಮನುಷ್ಯನ ರೋಗವಲ್ಲ, ಬ್ಯಾಕ್ಟೀರಿಯಗಳ ರೋಗ. ನಮಗೆ ರೋಗ ತರುವ ಬ್ಯಾಕ್ಟೀರಿಯಗಳಿಗೂ ರೋಗ ತರುವ ವೈರಸ್ಸುಗಳುಂಟು. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವೊರ್ಟ್ ಅವರೂ 1917ರಲ್ಲಿ ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ದೆರೆಲ್ ಅವರೂ ಇವನ್ನು ಬೇರೆಬೇರೆಯಾಗಿ ಗುರುತಿಸಿದರು. ಬ್ಯಾಕ್ಟೀರಿಯವನ್ನು ತಿನ್ನುವಂಥದು ಎಂಬ ಅರ್ಥದಲ್ಲಿ ದೆರೆಲ್ ಇವನ್ನು ಬ್ಯಾಕ್ಟೀರಿಯೋಫೇಜ್ ಎಂದು ಕರೆದರು. ಮುಂದೆ ಅದೇ ‘ಫೇಜ್’ ಆಯಿತು. ಇದಕ್ಕೆ ನಮ್ಮ ದೇಶದಲ್ಲಿ ಒಂದು ಪೂರ್ವಕಥೆಯೂ ಇದೆ. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಅವರು ಗಂಗಾ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುತ್ತವೆಂದು 1896ರಲ್ಲಿಯೇ ಪ್ರಕಟಿಸಿದ್ದರು. ದೆರೆಲ್ ಕೂಡ 1927ರಲ್ಲಿ ಭಾರತದಲ್ಲಿ ಕಾಲರಾ ರೋಗಿಗಳ ಮೇಲೆ ಫೇಜುಗಳನ್ನು ಪ್ರಯೋಗಿಸಿ ನೋಡಿದರು. ಆದರೆ ಪೆನಿಸಿಲಿನ್ ಬಂದಮೇಲೆ ಪಶ್ಚಿಮದ ವೈದ್ಯರಿಗೆ ಫೇಜ್ ಬೇಡವಾಯಿತು. ವೈದ್ಯರು ಕೈಬಿಟ್ಟ ಈ ವಸ್ತುವನ್ನು ಎತ್ತಿಕೊಂಡವರಲ್ಲಿ ಮುಖ್ಯರಾದವರು ಒಬ್ಬ ಭೌತವಿಜ್ಞಾನಿ.

ಅವರೇ ಮ್ಯಾಕ್ಸ್ ಡೆಲ್ಬ್ರುಕ್. 1906ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು 1937ರಲ್ಲಿ ಅಮೆರಿಕಕ್ಕೆ ಬಂದರು. ಜೀವಿಯೊಂದು ತನ್ನಂಥ ಇನ್ನೊಂದನ್ನು ಹೇಗೆ ನಿರ್ಮಿಸುತ್ತದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಆನೆಯನ್ನೋ ಇಲಿಯನ್ನೋ ನೋಡಿ ಇದಕ್ಕೆ ಉತ್ತರ ಹುಡುಕುವುದಕ್ಕಿಂತ, ಅರ್ಧ ಗಂಟೆಯ ಆಸುಪಾಸಿನಲ್ಲಿ ಒಂದು ನೂರಾಗುವ ಫೇಜನ್ನು ಹಿಡಿದರೆ ಲೆಕ್ಕ ಸುಲಭವೆಂದು ಅವರಿಗೆ ಹೊಳೆಯಿತು. ಎಮೊರಿ ಎಲ್ಲಿಸ್ ಅವರೊಡನೆ 1939ರಲ್ಲಿ ಈ ವೃದ್ಧಿಯ ಕ್ರಮವನ್ನು ಅಳೆದು ತೋರಿಸಿದರು. ಮರುವರ್ಷ ಅವರಿಗೆ ಸಾಲ್ವಡಾರ್ ಲೂರಿಯಾ ಅವರ ಪರಿಚಯವಾಯಿತು. ಲೂರಿಯಾ ಇಟಲಿಯ ಟ್ಯೂರಿನ್ನಿನಲ್ಲಿ ಓದಿದ ವೈದ್ಯರು. ಯೆಹೂದ್ಯರಾದ ಕಾರಣ ಯುರೋಪನ್ನು ಬಿಟ್ಟು ಬಂದವರು. ಭೌತವಿಜ್ಞಾನಿ ಒಬ್ಬರು, ವೈದ್ಯರೊಬ್ಬರು, ಹೀಗೆ ಒಂದೇ ಮೇಜಿನ ಮುಂದೆ ಕುಳಿತರು. ಬ್ಯಾಕ್ಟೀರಿಯಗಳಲ್ಲಿ ಫೇಜನ್ನು ಎದುರಿಸುವ ಶಕ್ತಿ ಫೇಜಿನ ಸಂಪರ್ಕದಿಂದ ಹುಟ್ಟುವುದಲ್ಲ, ಅದಕ್ಕೆ ಮೊದಲೇ ಆಕಸ್ಮಿಕವಾಗಿ ಹುಟ್ಟಿರುತ್ತದೆ ಎಂದು ಅವರಿಬ್ಬರೂ 1943ರಲ್ಲಿ ಸಾಧಿಸಿದರು. ಔಷಧಕ್ಕೆ ಜಗ್ಗದ ರೋಗಾಣುಗಳನ್ನು ಕುರಿತು ಇಂದು ಮಾತನಾಡುವ ವೈದ್ಯರೆಲ್ಲರೂ ಈ ತತ್ತ್ವಕ್ಕೆ ಋಣಿಗಳು.

ಆದರೆ ಒಂದು ತೊಡಕು ಉಳಿದಿತ್ತು. ಒಂದೊಂದು ಪ್ರಯೋಗಶಾಲೆ ಒಂದೊಂದು ಫೇಜನ್ನು, ಒಂದೊಂದು ಬ್ಯಾಕ್ಟೀರಿಯವನ್ನು ಇಟ್ಟುಕೊಂಡಿತ್ತು. ಹಿಂದೆ ನಮ್ಮಲ್ಲಿ ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಿಗೆ ಸರಿಬರುತ್ತಿರಲಿಲ್ಲವಲ್ಲ, ಹಾಗೆ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದರೊಡನೆ ತೂಗಿ ನೋಡುವಂತಿರಲಿಲ್ಲ. 1944ರಲ್ಲಿ ಡೆಲ್ಬ್ರುಕ್ ಒಂದು ಒಪ್ಪಂದವನ್ನು ತಂದರು. ಟಿ-1ರಿಂದ ಟಿ-7ರವರೆಗಿನ ಏಳೇ ಫೇಜುಗಳು, ಅವಕ್ಕೆ ಒಂದೇ ಬಗೆಯ ಬ್ಯಾಕ್ಟೀರಿಯ, ಒಂದೇ ಉಷ್ಣತೆ. ಎಲ್ಲರೂ ಇವುಗಳ ಮೇಲೆಯೇ ಕೆಲಸಮಾಡತಕ್ಕದ್ದು. ಸ್ವಾತಂತ್ರ್ಯವನ್ನು ಅಷ್ಟರಮಟ್ಟಿಗೆ ಬಿಟ್ಟುಕೊಟ್ಟದ್ದರಿಂದ ಅವರಿಗೆ ಒಂದು ಸಮಾನ ಭಾಷೆ ದೊರೆಯಿತು.

ಭಾಷೆ ದೊರೆತಮೇಲೆ ಕಲಿಸುವ ಶಾಲೆಯೂ ಬೇಕಲ್ಲವೆ? ನ್ಯೂಯಾರ್ಕಿನ ಸಮೀಪ, ಲಾಂಗ್ ಐಲೆಂಡಿನ ಕಡಲಂಚಿನಲ್ಲಿರುವ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಶಾಲೆಯಲ್ಲಿ 1945ರ ಬೇಸಗೆಯಲ್ಲಿ ಡೆಲ್ಬ್ರುಕ್ ಫೇಜ್ ತರಗತಿಯನ್ನು ತೆರೆದರು. ಬಂದವರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದಿದವರೂ ಇದ್ದರು. ಜೀವಶಾಸ್ತ್ರದ ಪಾಂಡಿತ್ಯವನ್ನು ಯಾರಿಂದಲೂ ನಿರೀಕ್ಷಿಸಿರಲಿಲ್ಲ. ದೊಡ್ಡ ಸಂಖ್ಯೆಗಳನ್ನು ಗುಣಿಸಲು, ಭಾಗಿಸಲು ಬರಬೇಕು ಎಂಬುದಷ್ಟೇ ನಿಬಂಧನೆ.

ಈ ನಿಬಂಧನೆ ಕೇಳಿ ನಗು ಬರಬಹುದು. ಆದರೆ ಆ ತರಗತಿಯ ಕೆಲಸವನ್ನು ನೋಡಿದರೆ ಅದರ ಔಚಿತ್ಯ ತಿಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ ಮೇಲೆ ಬ್ಯಾಕ್ಟೀರಿಯ ಬೆಳೆದರೆ ತೆಳುವಾದ ಕೆನೆಯಂತೆ ಕಾಣುತ್ತದೆ. ಅದರೊಡನೆ ಒಂದು ಫೇಜ್ ಬಿದ್ದಿದ್ದರೆ, ಅದೂ ಅದರ ಸಂತತಿಯೂ ಸುತ್ತಣ ಬ್ಯಾಕ್ಟೀರಿಯಗಳನ್ನು ಒಡೆದು, ಮರುದಿನ ಆ ಕೆನೆಯಲ್ಲಿ ಒಂದು ತಿಳಿಯಾದ ಚುಕ್ಕೆ ಕಾಣಿಸುತ್ತದೆ. ಒಂದು ಚುಕ್ಕೆಗೆ ಒಂದು ಫೇಜ್. ಕಣ್ಣಿಗೆ ಕಾಣದ್ದನ್ನು ಬೆರಳಿಟ್ಟು ಎಣಿಸುವ ಉಪಾಯವಿದು. ಫೇಜ್‌ದ್ರವವನ್ನು ಹತ್ತರಲ್ಲೊಂದರಂತೆ ಆರು ಸಲ ತೆಳುಗೊಳಿಸಿ, ಕೊನೆಯ ನಳಿಕೆಯಿಂದ ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗವನ್ನು ತಟ್ಟೆಗೆ ಹಾಕಿದ್ದೀರೆನ್ನಿ. ಮರುದಿನ 84 ಚುಕ್ಕೆಗಳಿದ್ದರೆ, ಮೂಲದ್ರವದ ಪ್ರತಿ ಮಿಲಿಲೀಟರಿನಲ್ಲಿ 84 ಕೋಟಿ ಫೇಜುಗಳಿವೆಯೆಂದು ಅರ್ಥ. ಒಂದು ಸಲ ಕೈ ತಪ್ಪಿದರೆ ಕೋಟಿಗಳು ತಪ್ಪುತ್ತವೆ. ‘ಹಾಡಿ ಹಾಡಿ ರಾಗ, ಉಗುಳಿ ಉಗುಳಿ ರೋಗ’ ಎಂಬ ನಮ್ಮ ಗಾದೆಯ ಮೊದಲರ್ಧವನ್ನು ಆ ಶಾಲೆ ಚೆನ್ನಾಗಿ ಅರಿತಿತ್ತು. ಎರಡನೆಯ ಅರ್ಧವನ್ನು ನಾವು ರೋಗಶಾಸ್ತ್ರದವರು ಅರಿತಿದ್ದೇವೆ.

ಈ ತರಗತಿ ಬೇಸಗೆಯಿಂದ ಬೇಸಗೆಗೆ 1970ರವರೆಗೂ ನಡೆಯಿತು. ಪರಮಾಣು ಶಕ್ತಿಯ ಇತಿಹಾಸದಲ್ಲಿ ಹೆಸರಾದ ಲಿಯೊ ಜಿಲಾರ್ಡ್ 1947ರಲ್ಲಿ ವಿದ್ಯಾರ್ಥಿಯಾಗಿ ಬಂದು ಕುಳಿತರು. 1948ರಲ್ಲಿ ಭೌತವಿಜ್ಞಾನಿ ಸೀಮೊರ್ ಬೆನ್ಜರ್ ಬಂದರು. 1952ರಲ್ಲಿ ಅದೇ ಪ್ರಯೋಗಶಾಲೆಯಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಅವರು, ಅಡುಗೆಮನೆಯ ಮಿಕ್ಸಿಯಂಥ ಯಂತ್ರವೊಂದರ ನೆರವಿನಿಂದ, ಬ್ಯಾಕ್ಟೀರಿಯದ ಒಳಹೊಕ್ಕು ಸಂತತಿಯನ್ನು ಬೆಳೆಸುವುದು ಫೇಜಿನ ಡಿ.ಎನ್.ಎ. ಎಂದು ತೋರಿಸಿದರು. 1969ರ ನೊಬೆಲ್ ಪಾರಿತೋಷಕ ಡೆಲ್ಬ್ರುಕ್, ಹರ್ಷಿ, ಲೂರಿಯಾ ಮೂವರಿಗೂ ಸಂದಿತು.

ಇದರಿಂದ ಮನುಷ್ಯನ ರೋಗಕ್ಕೆ ಬಂದ ಲಾಭವೇನೆಂದು ನೀವು ಕೇಳಬಹುದು. ಟ್ಯೂರಿನ್ನಿನ ಇನ್ನೊಬ್ಬ ವೈದ್ಯರಾದ ರೆನಾಟೊ ಡಲ್ಬೆಕೊ ಅವರು ಲೂರಿಯಾ, ಡೆಲ್ಬ್ರುಕ್ ಇಬ್ಬರ ಬಳಿಯೂ ಕೆಲಸಮಾಡಿದವರು. ಚುಕ್ಕೆ ಎಣಿಸುವ ಆ ವಿಧಾನವನ್ನೇ ಅವರು 1952ರಲ್ಲಿ ಪ್ರಾಣಿಗಳ ವೈರಸ್ಸುಗಳಿಗೆ ಅಳವಡಿಸಿದರು. ಮುಂದೆ ಮಾರ್ಗರೀಟ್ ವೋಗ್ಟ್ ಅವರೊಡನೆ ಪೋಲಿಯೊ ವೈರಸ್ಸಿಗೂ ಅನ್ವಯಿಸಿದರು. ಇನ್ನೊಂದು ಉದಾಹರಣೆ ನಮ್ಮ ಕಾಲದ್ದು. 2020ರ ಕೊನೆಯಲ್ಲಿ ಬಂದ ಕೋವಿಡ್‌ನ ಎಂ.ಆರ್.ಎನ್.ಎ. ಲಸಿಕೆಗಳಿಗೆ ಆ ಆರ್.ಎನ್.ಎ.ಯನ್ನು ನಳಿಕೆಯಲ್ಲಿ ತಯಾರಿಸುವ ಕಿಣ್ವ ಟಿ-7 ಫೇಜಿನದು. ಒಪ್ಪಂದದ ಏಳು ಫೇಜುಗಳಲ್ಲಿ ಅದು ಕೊನೆಯದು.

ಆ ಶಾಲೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದಿದೆ. ಫೇಜ್ ತರಗತಿಯ ವಿದ್ಯಾರ್ಥಿಯಾಗಿದ್ದ ಜಿಲಾರ್ಡ್ ಅವರು ತರುಣ ವಿಜ್ಞಾನಿ ಒಬೈದ್ ಸಿದ್ದಿಕಿ ಅವರ ವಿಷಯವಾಗಿ ಹೋಮಿ ಭಾಭಾ ಅವರಿಗೆ ಶಿಫಾರಸು ಮಾಡಿದರು. ಭಾಭಾ ಆಹ್ವಾನಿಸಿದರು, 1962ರಲ್ಲಿ ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ಘಟಕ ಆರಂಭವಾಯಿತು. ಮುಂದೆ ಸಿದ್ದಿಕಿಯವರು ಅಮೆರಿಕದಲ್ಲಿ ಬೆನ್ಜರ್ ಅವರೊಡನೆಯೂ ಕೆಲಸಮಾಡಿದರು. 1990ರ ದಶಕದಲ್ಲಿ ಅವರ ನೇತೃತ್ವದಲ್ಲಿಯೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ರೂಪುಗೊಂಡಿತು.

ಇಷ್ಟನ್ನು ಹೇಳಿದ್ದು ಗತವೈಭವವನ್ನು ಕೊಂಡಾಡಲಿಕ್ಕಲ್ಲ. ನಮ್ಮ ಮಲೆನಾಡಿನ ಒಂದು ಪ್ರಸಂಗವನ್ನು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಕಾಡಿಗೆ ಹೋಗಿಬಂದ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ರೋಗಿಗಳ ಮತ್ತು ಮಂಗಗಳ ಮಾದರಿಗಳನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿದರು. ಉಣುಗುಗಳಿಂದ ಹರಡುವ ಆ ಮಂಗನ ಕಾಯಿಲೆಯನ್ನು ಇಂದು ಪತ್ತೆಹಚ್ಚಲು ಇಲಿಮರಿ ಬೇಕಿಲ್ಲ, ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯುಂಟು. ವೈರಸ್ಸಿನ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ.ಗೆ ನಕಲುಮಾಡಿ, ಆಮೇಲೆ ಅದನ್ನು ಆವರ್ತನಕ್ಕೊಮ್ಮೆ ಇಮ್ಮಡಿಯಾಗಿಸುವ ವಿಧಾನವದು. ಪ್ರತಿ ಸಲವೂ ಪೂರ್ಣವಾಗಿ ಇಮ್ಮಡಿಯಾದರೆ ಮೂವತ್ತು ಆವರ್ತನಗಳಲ್ಲಿ ಒಂದು ನೂರು ಕೋಟಿಯನ್ನು ದಾಟುತ್ತದೆ. ಗುಣಾಕಾರ ಇಲ್ಲಿಯೂ ಬೆನ್ನುಬಿಡಲಿಲ್ಲ.

ಇಲ್ಲಿಯೇ ಇರುವುದು ಅಪಾಯ. ಪಕ್ಕದ ನಳಿಕೆಯಿಂದ ಕಾಣದಷ್ಟು ಕಣ ಹಾರಿಬಂದರೂ ಅದೂ ಕೋಟಿಯಾಗಿ, ಇಲ್ಲದ ರೋಗ ಉಂಟೆಂದು ವರದಿಯಾಗುತ್ತದೆ. ಮಂಗನ ಕಾಯಿಲೆಯಲ್ಲಿ ವೈರಸ್ಸು ರಕ್ತದಲ್ಲಿರುವುದು ಮೊದಲ ದಿನಗಳಲ್ಲಿ; ತಡವಾಗಿ ರಕ್ತ ತೆಗೆದು ಇದೊಂದನ್ನೇ ನಂಬಿದರೆ ಇರುವ ರೋಗವೂ ಇಲ್ಲವೆನಿಸುತ್ತದೆ. ಆಗ ಹುಡುಕಬೇಕಾದದ್ದು ಪ್ರತಿಕಾಯವನ್ನು. ಪಿಪೆಟ್ ಹಿಡಿಯದ ವಿದ್ಯಾರ್ಥಿಗೆ ಈ ವಿವೇಕವನ್ನು ಉಪನ್ಯಾಸದಿಂದ ತುಂಬುವುದು ಕಷ್ಟವೆಂಬುದು ನನ್ನ ಅನುಭವ. ಶುದ್ಧ ನೀರನ್ನಿಟ್ಟ ನಳಿಕೆಯಲ್ಲಿಯೂ ರೋಗ ಕಾಣಿಸಿಕೊಂಡ ದಿನ ಅವನಿಗೆ ತಾನಾಗಿಯೇ ಪಾಠವಾಗುತ್ತದೆ. ಅಂದಿನಿಂದ ಅವನು ವರದಿಯನ್ನು ದೇವವಾಕ್ಯವೆಂದು ಓದುವುದಿಲ್ಲ, ಸಾಕ್ಷಿಯ ಹೇಳಿಕೆಯೆಂದು ಓದುತ್ತಾನೆ.

2020ರ ಜನವರಿಯಲ್ಲಿ ಕೋವಿಡ್ ಪರೀಕ್ಷೆಗೆ ದೇಶವೆಲ್ಲ ಪುಣೆಯ ಅದೇ ಸಂಸ್ಥೆಯತ್ತ ನೋಡಬೇಕಾಗಿತ್ತು. ಎರಡು ವರ್ಷಗಳೊಳಗೆ ಪ್ರಯೋಗಶಾಲೆಗಳ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ಯಂತ್ರಗಳನ್ನು ಹಣ ಕೊಟ್ಟು ತರಿಸಬಹುದು. ನುರಿತ ಕೈಗಳನ್ನು ಹಾಗೆ ತರಿಸಲು ಬರುವುದಿಲ್ಲ. ಅವು ಮೊದಲೇ ಎಲ್ಲೋ ಒಂದು ಮೇಜಿನ ಮುಂದೆ ತಯಾರಾಗಿರಬೇಕು. ಆದುದರಿಂದ ತರಬೇತಿಯೆಂದರೆ ಹೊಸ ಯಂತ್ರದ ಪ್ರದರ್ಶನವೆಂದು ತಿಳಿಯದೆ, ಅಳೆಯುವುದನ್ನು, ಎಣಿಸುವುದನ್ನು, ತನ್ನ ಎಣಿಕೆಯನ್ನೇ ಸಂಶಯಿಸುವುದನ್ನು ಕಲಿಸುವ ಶಾಲೆಯೆಂದು ತಿಳಿದರೆ, ಸೊರಬದ ಕಾಡಂಚಿನಲ್ಲಿ ಜ್ವರದಿಂದ ಮಲಗಿದ ಕೂಲಿಕಾರನಿಗೆ ಸರಿಯಾದ ವರದಿ ಸಕಾಲದಲ್ಲಿ ತಲಪೀತು.