ದಂಡಿನ ತೆರೆ, ಪೇಟೆಯ ತೆರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಇಳಿಯುವುದು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ. ಅದು ರಾಜನ ಹೆಸರಲ್ಲ, ದೇವರ ಹೆಸರೂ ಅಲ್ಲ. ಒಂದು ಸಿನಿಮಾ ಟಾಕೀಸಿನ ಹೆಸರು. ಊರಿನ ಹೆಬ್ಬಾಗಿಲಿಗೇ ಟಾಕೀಸಿನ ಹೆಸರು ಅಂಟಿಕೊಂಡಿರುವ ಈ ನಗರದಲ್ಲಿ ಯಾವ ತೆರೆಯ ಮೇಲೆ ಯಾವ ಭಾಷೆ ಮಾತನಾಡಬೇಕು ಎಂಬುದು ಬರಿಯ ಮನರಂಜನೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಅದರ ಬೇರು ಸಿನಿಮಾ ಹುಟ್ಟುವುದಕ್ಕೂ ಹಿಂದಿನದು.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದರು. ಮದರಾಸು ಸೈನ್ಯದ ಬೆನ್ನಿಗೇ ಅಡುಗೆಯವರು, ಕುದುರೆ ಕಾಯುವವರು, ಗಾರೆ ಕೆಲಸದವರು, ವರ್ತಕರು ಬಂದರು. ಹೆಚ್ಚಿನವರ ಮನೆಮಾತು ತಮಿಳು. ಉರ್ದು, ತೆಲುಗಿನವರೂ ಇದ್ದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಪೇಟೆಗೊಂದು ಆಡಳಿತ, ದಂಡಿಗೊಂದು ಆಡಳಿತ, ನಡುವೆ ಕಬ್ಬನ್ ಪಾರ್ಕು. ಎರಡೂ ಒಂದೇ ನಗರಪಾಲಿಕೆಯಡಿ ಬಂದದ್ದು 1949ರಲ್ಲಿ.

ದಂಡಿನ ಟಾಕೀಸುಗಳ ಪೈಕಿ ಹಿರಿಯದೆಂದರೆ ಇಂದಿನ ಶಿವಾಜಿನಗರದ ಎಲ್ಜಿನ್. 1896ರಲ್ಲಿ ದೊರೆಗಳ ನೃತ್ಯಕೂಟಕ್ಕೆಂದು ಎದ್ದ ಕಟ್ಟಡವಿದು. ವೈಸರಾಯ್ ಎಲ್ಜಿನ್ನರ ಹೆಸರು ಹೊತ್ತಿತು. ಮುಂದೆ ಅಲ್ಲಿ ನಾಟಕಗಳಾದವು, ಮೂಕಿ ಚಿತ್ರಗಳು ಬಂದವು, ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಕೂಡ ಬಂತು. ದೊರೆಗಳು ಕುಣಿದ ನೆಲದ ಮೇಲೆ ಕೂಲಿಕಾರರೂ ಮಾರುಕಟ್ಟೆಯ ಜನರೂ ಕುಳಿತು ಹಿಂದಿ, ತಮಿಳು ಚಿತ್ರಗಳನ್ನು ನೋಡಿದರು. ಹೀಗೊಂದು ವರ್ಗಾವಣೆ ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ!

ಇತ್ತ ಪೇಟೆಯ ಕಥೆ ಬೇರೆ. ತಮಿಳಿನ ‘ಕಾಳಿದಾಸ್’ 1931ರಲ್ಲೇ ಮಾತನಾಡಿತು, ತೆಲುಗಿನ ‘ಭಕ್ತ ಪ್ರಹ್ಲಾದ’ 1932ರಲ್ಲಿ. ಕನ್ನಡದ ‘ಸತಿ ಸುಲೋಚನಾ’ ಪ್ಯಾರಾಮೌಂಟ್ ಟಾಕೀಸಿಗೆ ಬಂದದ್ದು 1934ರ ಮಾರ್ಚ್ 3ರಂದು. ಅದನ್ನೂ ತಯಾರಿಸಿದ್ದು ದೂರದ ಕೊಲ್ಹಾಪುರದಲ್ಲಿ. ಆಮೇಲೂ ಬಹುಕಾಲ ವರ್ಷಕ್ಕೆ ಒಂದೆರಡು ಕನ್ನಡ ಚಿತ್ರ ಬಂದರೆ ಹೆಚ್ಚು. ಒಂದೂ ಬಾರದ ವರ್ಷಗಳೂ ಉಂಟು. ಟಾಕೀಸಿನ ಯಜಮಾನ ವರ್ಷದ ಐವತ್ತೆರಡು ವಾರವೂ ತೆರೆ ತುಂಬಿಸಬೇಕು. ಮದರಾಸಿನಿಂದ, ಮುಂಬಯಿಯಿಂದ ಪೆಟ್ಟಿಗೆ ತರಿಸದೆ ಅವನಿಗೆ ಗತ್ಯಂತರವಿರಲಿಲ್ಲ. ಹೀಗಾಗಿ ದಂಡಿನಲ್ಲಿ ಮಾತ್ರವಲ್ಲ, ಪೇಟೆಯಲ್ಲೂ ಪರಭಾಷೆಯದೇ ಮೇಲುಗೈಯಾಯಿತು. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಮನೆಮಾತಾದ ಮೇಲೂ ಕನ್ನಡ ಚಿತ್ರಗಳಿಗೆ ಸ್ಟುಡಿಯೋ ಬೇಕಾದರೆ ಹೆಚ್ಚಾಗಿ ಮದರಾಸಿಗೇ ಹೋಗಬೇಕಿತ್ತು.

1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮುಂತಾದವರು ಕನ್ನಡ ಚಳವಳಿಗಿಳಿದಾಗ ಟಾಕೀಸುಗಳ ಮುಂದೆಯೇ ಕೂಗು ಎದ್ದದ್ದು ಸಹಜ. 1963ರ ತಮಿಳು ಚಿತ್ರ ‘ಕಂಚಿ ತಲೈವನ್’ ಪುಲಿಕೇಶಿಯನ್ನು ಹೀನಾಯವಾಗಿ ತೋರಿಸಿದೆಯೆಂದು ದೊಡ್ಡ ಪ್ರತಿಭಟನೆಯೇ ನಡೆಯಿತು. ಏಳನೆಯ ಶತಮಾನದ ಚಾಲುಕ್ಯ–ಪಲ್ಲವ ಯುದ್ಧ ಬೆಂಗಳೂರಿನ ಟಿಕೆಟ್ ಕಿಟಕಿಯ ಮುಂದೆ ಮತ್ತೊಮ್ಮೆ ನಡೆದಂತಾಯಿತು. ತನ್ನ ರಾಜಧಾನಿಯಲ್ಲೇ ತನ್ನ ಭಾಷೆಗೆ ತೆರೆಯಿಲ್ಲವೆಂಬ ಕನ್ನಡಿಗನ ದೂರು ನ್ಯಾಯವಾದದ್ದೇ. ಆದರೆ ಶಿವಾಜಿನಗರದಲ್ಲಿ ತಲೆಮಾರುಗಳಿಂದ ಬದುಕಿದ ಗಾರೆ ಕೆಲಸದವನು ದಿನದ ದುಡಿಮೆ ಮುಗಿಸಿ ತನ್ನ ತಾಯಿಯ ಮಾತು ಕೇಳಲು ಹೋದದ್ದು ಆ ದೂರಿಗೆ ಉತ್ತರ ಹೇಳಬೇಕಾದ ಅಪರಾಧವಲ್ಲ. ಇಬ್ಬರೂ ಬಯಸಿದ್ದು ಒಂದನ್ನೇ.

ಇಂಥ ಟಾಕೀಸುಗಳು ಬೇರೆ ದೇಶಗಳಲ್ಲೂ ಇದ್ದವು. ಅಮೆರಿಕದ ಟೆಕ್ಸಾಸ್ ಹಿಂದೆ ಮೆಕ್ಸಿಕೋ ದೇಶದ ಭಾಗ. ಅಲ್ಲಿನ ಎಷ್ಟೋ ಊರುಗಳ ಚಿತ್ರಮಂದಿರಗಳಲ್ಲಿ ಮೆಕ್ಸಿಕೋ ಮೂಲದವರನ್ನು ಬಿಳಿಯರಿಂದ ಬೇರೆಯಾಗಿ ಕೂರಿಸುತ್ತಿದ್ದರು. ಆ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ 1949ರಲ್ಲಿ, ಅಂದರೆ ನಮ್ಮ ದಂಡು–ಪೇಟೆ ಕೂಡಿದ ವರ್ಷವೇ, ಅಲಮೇಡಾ ಎಂಬ ಭವ್ಯ ಚಿತ್ರಮಂದಿರ ತೆರೆಯಿತು. ಸುಮಾರು 2,400 ಆಸನಗಳು. ತೆರೆಯ ಮೇಲೆ ಸ್ಪ್ಯಾನಿಷ್ ಚಿತ್ರ, ವೇದಿಕೆಯ ಮೇಲೆ ಮೆಕ್ಸಿಕೋದ ಹಾಡುಗಾರರು, ಗೋಡೆಗಳ ಮೇಲೆ ಮೆಕ್ಸಿಕೋ ಮತ್ತು ಟೆಕ್ಸಾಸಿನ ಇತಿಹಾಸದ ಚಿತ್ರಗಳು. ಹೊರಗೆ ಎರಡನೆಯ ದರ್ಜೆಯ ಪ್ರಜೆಯಾದವನು ಒಳಗೆ ಮುಂದಿನ ಸಾಲಿನಲ್ಲಿ ಕೂರಬಹುದಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಅದರ ಬಾಗಿಲು ಮುಚ್ಚಿತು; ಮುಂದೆ ನಗರಾಡಳಿತವೇ ಅದನ್ನು ಕೊಂಡುಕೊಂಡಿತು.

ನಮ್ಮಲ್ಲಿ ಅಷ್ಟು ಸಮಾಧಾನವಿರಲಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾದಾಗ ಬೆಂಗಳೂರಿನ ತಮಿಳು ಕೇರಿಗಳು ಹೊತ್ತಿ ಉರಿದವು. 2000ದಲ್ಲಿ ರಾಜಕುಮಾರ್ ವೀರಪ್ಪನ್ ವಶದಲ್ಲಿದ್ದ 108 ದಿನಗಳಲ್ಲಿ ತಮಿಳು ಚಿತ್ರಗಳ ಪ್ರದರ್ಶನ ನಿಂತಿತು. 2018ರಲ್ಲಿ ‘ಕಾಲಾ’ ಬಿಡುಗಡೆಯಾಗಲು ವಿಷಯ ಹೈಕೋರ್ಟಿನ ತನಕ ಹೋಗಬೇಕಾಯಿತು. ನೀರಿನ ಜಗಳವಾಗಲಿ, ಕಾಡುಗಳ್ಳನ ಉಪಟಳವಾಗಲಿ, ಮೊದಲು ಹರಿಯುತ್ತಿದ್ದದ್ದು ಟಾಕೀಸಿನ ಪೋಸ್ಟರು.

ಕೊನೆಗೆ ಈ ಟಾಕೀಸುಗಳನ್ನು ಮುಗಿಸಿದ್ದು ಚಳವಳಿಯಲ್ಲ. ನೆಲದ ಬೆಲೆ, ಟೀವಿ, ಮಲ್ಟಿಪ್ಲೆಕ್ಸು. ಎಲ್ಜಿನ್ ಕಡೆಯ ವರ್ಷಗಳಲ್ಲಿ ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ಓಡಿಸಿ, 2010ರ ದಶಕದಲ್ಲಿ ನಿಂತುಹೋಯಿತು. ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿ ಕನ್ನಡ ಚಿತ್ರಗಳ ದೊಡ್ಡ ನೆಲೆಗಳಾಗಿದ್ದ ಸಾಗರ್, ಕಪಾಲಿಗಳೂ ಹೋದವು. ಈಗ ಒಂದೇ ಮಾಲಿನ ಅಕ್ಕಪಕ್ಕದ ತೆರೆಗಳಲ್ಲಿ ಕನ್ನಡ, ತಮಿಳು, ತೆಲುಗು ಚಿತ್ರಗಳು ಜಗಳವಿಲ್ಲದೆ ಓಡುತ್ತವೆ. ಆದರೆ ಹಳೆಯ ಎಲ್ಜಿನ್ನಿನ ಪ್ರೇಕ್ಷಕ ಅಲ್ಲಿಗೆ ಹೋಗುವಂತಿಲ್ಲ, ಪೇಟೆಯ ಕನ್ನಡದ ಕೂಲಿಯವನೂ ಹೋಗುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಎಲ್ಲ ಭಾಷೆಗಳ ಚಿತ್ರಗಳಿಗೂ 200 ರೂಪಾಯಿಯ ಟಿಕೆಟ್ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು.