ಮಹಿಳಾ ಬಹುಹಂತ ಸೈಕಲ್ ಸ್ಪರ್ಧೆಯ ಆವೃತ್ತಿ ಎಣಿಕೆ: ಕೆಲವು ವ್ಯತ್ಯಾಸಗಳು

1. ವ್ಯಾಪ್ತಿ

ಫ್ರಾನ್ಸಿನ ಮಹಿಳಾ ಟೂರ್ ಸ್ಪರ್ಧೆಯ ಆರಂಭ ವರ್ಷವನ್ನು ಕೆಲವು ಬರಹಗಳು 1955 ಎಂದೂ ಕೆಲವು 1984 ಎಂದೂ ಇನ್ನು ಕೆಲವು 2022 ಎಂದೂ ಕೊಡುತ್ತವೆ. ಈ ವ್ಯತ್ಯಾಸ ಮುದ್ರಣದೋಷದಿಂದ ಬಂದದ್ದಲ್ಲ. ಯಾವುದನ್ನು ಆವೃತ್ತಿಯೆಂದು ಎಣಿಸಬೇಕು ಎಂಬಲ್ಲಿಯೇ ಭೇದವಿದೆ. ಆ ಭೇದವನ್ನು ಗುರುತಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ. 'ಗುಡ್ಡಗಾಡಿನ ಸ್ಪರ್ಧೆ' ಎಂಬ ವಿಶೇಷಣವೂ ಇದೇ ರೀತಿ ಸಡಿಲವಾಗಿ ಬಳಕೆಯಾಗುತ್ತಿರುವುದರಿಂದ, ಕೊನೆಯ ಭಾಗದಲ್ಲಿ ಅದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ರಸ್ತೆಗಳಿಗೆ ಅನ್ವಯಿಸಿ ನೋಡಲಾಗಿದೆ.

2. ಪರಿಭಾಷೆ

ಇಲ್ಲಿ 'ಬಹುಹಂತ ಸ್ಪರ್ಧೆ' ಎಂದರೆ ಒಂದಕ್ಕಿಂತ ಹೆಚ್ಚು ದಿನ ನಡೆದು, ಎಲ್ಲ ಹಂತಗಳ ಒಟ್ಟು ಸಮಯದ ಮೇಲೆ ವಿಜೇತೆಯನ್ನು ನಿರ್ಣಯಿಸುವ ರಸ್ತೆ ಸ್ಪರ್ಧೆ. ಒಂದು ದಿನದ ಸ್ಪರ್ಧೆ ಈ ವರ್ಗಕ್ಕೆ ಸೇರದು. 'ವೃತ್ತಿಪರ' ಎಂಬ ಪದವನ್ನು 2016ರ ನಂತರದ ಸ್ಪರ್ಧೆಗಳಿಗೆ ಮಾತ್ರ ನಿಸ್ಸಂಕೋಚವಾಗಿ ಬಳಸಬಹುದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ (ಯುಸಿಐ) ಮಹಿಳಾ ವಿಶ್ವ ಟೂರ್ ಸರಣಿಯನ್ನು ಆರಂಭಿಸಿದ್ದು ಆ ವರ್ಷ. ಅಗ್ರಶ್ರೇಣಿಯ ಮಹಿಳಾ ತಂಡಗಳಿಗೆ ಕನಿಷ್ಠ ವೇತನದ ನಿಯಮ ಬಂದದ್ದು 2020ರಲ್ಲಿ. 2016ಕ್ಕೂ ಹಿಂದಿನ ಸ್ಪರ್ಧೆಗಳಿಗೆ ಈ ಪದವನ್ನು ಹಚ್ಚುವುದಾದರೆ ಅರ್ಥವನ್ನು ಸ್ಪಷ್ಟಪಡಿಸಿಯೇ ಬಳಸಬೇಕಾಗುತ್ತದೆ.

3. 1955

ಪತ್ರಕರ್ತ ಹಾಗೂ ಪ್ಯಾರಿಸ್–ನೀಸ್ ಸ್ಪರ್ಧೆಯ ಸಂಘಟಕ ಜಾನ್ ಲ್ಯುಲಿಯೊ ಏರ್ಪಡಿಸಿದ ಸ್ಪರ್ಧೆ 28 ಸೆಪ್ಟೆಂಬರ್‌ನಿಂದ 2 ಅಕ್ಟೋಬರ್ 1955ರವರೆಗೆ ನಾರ್ಮಂಡಿ ಪ್ರದೇಶದಲ್ಲಿ ನಡೆಯಿತು. ಹಂತಗಳು 5, ಒಟ್ಟು ದೂರ ಸುಮಾರು 373 ಕಿ.ಮೀ.; ಅಂದರೆ ಹಂತಕ್ಕೆ ಸರಾಸರಿ 75 ಕಿ.ಮೀ.ಗೆ ತುಸು ಕಡಿಮೆ. ಗೆದ್ದವರು ಐಲ್ ಆಫ್ ಮ್ಯಾನ್‌ನ ಮಿಲಿ ರಾಬಿನ್ಸನ್. ಮುಂದಿನ ವರ್ಷ ಇದು ಮರುಕಳಿಸಲಿಲ್ಲ.

ಗಮನಿಸಬೇಕಾದ ಅಂಶಗಳು ಎರಡು. (ಅ) ಹೆಸರಿನಲ್ಲಿ 'ಟೂರ್ ದ ಫ್ರಾನ್ಸ್' ಇದ್ದರೂ ಪುರುಷರ ಟೂರ್ ನಡೆಸುತ್ತಿದ್ದ ಸಂಸ್ಥೆ ಇದನ್ನು ಸಂಘಟಿಸಿರಲಿಲ್ಲ. (ಆ) ಮಹಿಳೆಯರ ರಸ್ತೆ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದೇ 1958ರಲ್ಲಿ, ಲಕ್ಸೆಂಬರ್ಗಿನ ಎಲ್ಸಿ ಯಾಕಬ್ಸ್ ಗೆದ್ದ ವರ್ಷ. ಎಂದರೆ 1955ರ ಸ್ಪರ್ಧೆ ಮಹಿಳೆಯರಿಗೆ ವಿಶ್ವಪದವಿ ಇಲ್ಲದ ಕಾಲದ್ದು. ಅದನ್ನು ಇಂದಿನ ಸರಣಿಯ ಮೊದಲ ಕೊಂಡಿಯೆಂದು ಕರೆಯುವುದಕ್ಕಿಂತ ಪೂರ್ವಪ್ರಯತ್ನವೆಂದು ಕರೆಯುವುದು ಹೆಚ್ಚು ಸುರಕ್ಷಿತ.

4. 1984–1989

ಮಹಿಳೆಯರ ರಸ್ತೆ ಸ್ಪರ್ಧೆ ಒಲಿಂಪಿಕ್ಸ್‌ಗೆ ಸೇರಿದ್ದು 1984ರ ಲಾಸ್ ಏಂಜಲೀಸ್ ಕೂಟದಲ್ಲಿ. ಅದೇ ವರ್ಷ ಫೆಲಿಕ್ಸ್ ಲೆವಿತಾನ್ ಅವರ ನೇತೃತ್ವದಲ್ಲಿ, ಪುರುಷರ ಟೂರ್ ನಡೆಸುತ್ತಿದ್ದ ಸಂಸ್ಥೆಯೇ ಮಹಿಳಾ ಟೂರ್ ಆರಂಭಿಸಿತು. ಹಂತಗಳು 18. ಪುರುಷರು ಸಾಗುವ ದಾರಿಯ ಕೊನೆಯ ಭಾಗದಲ್ಲಿ, ಅದೇ ದಿನ, ಅವರಿಗಿಂತ ಕೆಲವು ಗಂಟೆ ಮುಂಚಿತವಾಗಿ ಮಹಿಳೆಯರ ಹಂತ ಮುಗಿಯುವ ವ್ಯವಸ್ಥೆಯಿತ್ತು. 22 ಜುಲೈ 1984ರಂದು ಪ್ಯಾರಿಸ್‌ನಲ್ಲಿ ಮುಕ್ತಾಯವಾದ ಈ ಸ್ಪರ್ಧೆಯನ್ನು ಅಮೆರಿಕದ ಮೇರಿಯಾನ್ ಮಾರ್ಟಿನ್ ಗೆದ್ದರು.

ಒಟ್ಟು ದೂರದ ಬಗ್ಗೆ ಆಕರಗಳು ಒಂದೇ ಅಂಕಿ ಕೊಡುವುದಿಲ್ಲ, 1,000 ಕಿ.ಮೀ. ಆಸುಪಾಸು ಎನ್ನುವಷ್ಟರಲ್ಲಿ ಸಹಮತವಿದೆ. ಯಾವ ಅಂಕಿಯನ್ನು ಹಿಡಿದರೂ ಹಂತದ ಸರಾಸರಿ 60 ಕಿ.ಮೀ. ಸುತ್ತಮುತ್ತಲೇ ನಿಲ್ಲುತ್ತದೆ. ಆದ್ದರಿಂದ ಈ ಭಿನ್ನತೆ ಮುಖ್ಯ ವಾದಕ್ಕೆ ಬಾಧಕವಲ್ಲ. 1955ರ ಸರಾಸರಿಗಿಂತ 1984ರ ಸರಾಸರಿ ಕಡಿಮೆ ಎಂಬುದು ಮಾತ್ರ ಗಮನಾರ್ಹ. ಆದರೆ 1984ರ ದಾರಿ ಪರ್ವತ ಹಂತಗಳನ್ನು ಒಳಗೊಂಡಿತ್ತು. ನಾರ್ಮಂಡಿಯಲ್ಲಿ ಇದ್ದದ್ದು ತಗ್ಗುದಿಣ್ಣೆಯ ನೆಲ. ಕೇವಲ ದೂರದಿಂದ ಕಠಿಣತೆಯನ್ನು ಅಳೆಯಲಾಗದು.

ನಂತರದ ವಿಜೇತೆಯರು: 1985 ಮತ್ತು 1986ರಲ್ಲಿ ಇಟಲಿಯ ಮರಿಯಾ ಕಾನಿನ್ಸ್, 1987ರಿಂದ 1989ರವರೆಗೆ ಫ್ರಾನ್ಸಿನ ಜಾನಿ ಲೊಂಗೊ. 1989ರ ನಂತರ ಈ ರೂಪದಲ್ಲಿ ಸ್ಪರ್ಧೆ ಮುಂದುವರಿಯಲಿಲ್ಲ.

5. 1990–2009: ಎರಡು ಸಮಾನಾಂತರ ಸಾಲುಗಳು

ಎಣಿಕೆಯ ಗೊಂದಲ ಹೆಚ್ಚಾಗಿ ಹುಟ್ಟುವುದು ಈ ಅವಧಿಯಲ್ಲಿ. 1990ರಿಂದ 1993ರವರೆಗೆ ಐರೋಪ್ಯ ಸಮುದಾಯದ ಹೆಸರಿನಲ್ಲಿ (ಟೂರ್ ದ ಲಾ ಸಿಇಇ) ಮಹಿಳಾ ಬಹುಹಂತ ಸ್ಪರ್ಧೆ ನಡೆಯಿತು. 1992ರಲ್ಲಿ ಪಿಯೆರ್ ಬುಎ ಎಂಬ ಬೇರೆ ಸಂಘಟಕರ 'ಟೂರ್ ಸಿಕ್ಲಿಸ್ತ್ ಫೆಮಿನಾ' ಆರಂಭವಾಯಿತು. ಹೀಗಾಗಿ 1992 ಮತ್ತು 1993ಕ್ಕೆ ಎರಡೆರಡು ಸ್ಪರ್ಧೆಗಳಿವೆ. ವರ್ಷವನ್ನು ಮಾತ್ರ ನಮೂದಿಸಿ ವಿಜೇತೆಯ ಹೆಸರು ಕೊಡುವ ಪಟ್ಟಿಗಳಲ್ಲಿ ಈ ಎರಡು ವರ್ಷಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಬುಎ ಅವರ ಸ್ಪರ್ಧೆಯನ್ನು ಎರಡೂ ವರ್ಷ ಗೆದ್ದವರು ನೆದರ್ಲೆಂಡ್ಸ್‌ನ ಲಿಯೊಂಟಿನ್ ಫಾನ್ ಮೂರ್ಸೆಲ್.

'ಟೂರ್' ಹೆಸರಿನ ಹಕ್ಕಿನ ಪ್ರಶ್ನೆ ಎದ್ದ ಮೇಲೆ, 1998ರ ಸುಮಾರಿಗೆ, ಈ ಎರಡನೆಯ ಸ್ಪರ್ಧೆ 'ಗ್ರಾಂದ್ ಬೂಕ್ಲ್' ಎಂಬ ಹೆಸರು ಪಡೆಯಿತು. 2004ರಲ್ಲಿ ನಡೆಯಲಿಲ್ಲ. 2009ರಲ್ಲಿ ನಾಲ್ಕೇ ಹಂತಗಳಿಗೆ ಇಳಿದು ಕೊನೆಗೊಂಡಿತು. ಆ ವರ್ಷದ ವಿಜೇತೆ ಬ್ರಿಟನ್ನಿನ ಎಮ್ಮಾ ಪೂಲಿ.

6. 2014–2025

2013ರಲ್ಲಿ ಕ್ಯಾಥರಿನ್ ಬರ್ಟಿನ್, ಮೇರಿಯಾನ್ ಫೊಸ್, ಎಮ್ಮಾ ಪೂಲಿ, ಕ್ರಿಸ್ಸಿ ವೆಲಿಂಗ್ಟನ್ ಅವರು ಮಹಿಳಾ ಟೂರ್‌ಗಾಗಿ ಸಾರ್ವಜನಿಕ ಮನವಿ ಸಲ್ಲಿಸಿದರು. 2014ರಿಂದ 2021ರವರೆಗೆ ನಡೆದ 'ಲಾ ಕೋರ್ಸ್' ಬಹುತೇಕ ಒಂದು ದಿನದ ಸ್ಪರ್ಧೆ. ಎರಡನೇ ವಿಭಾಗದ ವ್ಯಾಖ್ಯೆಯಂತೆ ಅದು ಈ ಎಣಿಕೆಯಿಂದ ಹೊರಗುಳಿಯುತ್ತದೆ.

ಈಗಿನ 'ಟೂರ್ ದ ಫ್ರಾನ್ಸ್ ಫಾಮ್' 24ರಿಂದ 31 ಜುಲೈ 2022ರವರೆಗೆ 8 ಹಂತಗಳಲ್ಲಿ ಮೊದಲು ನಡೆಯಿತು. ದೂರ ಸುಮಾರು 1,030 ಕಿ.ಮೀ.; ಸರಾಸರಿ ಹಂತಕ್ಕೆ 129 ಕಿ.ಮೀ., ಅಂದರೆ 1984ರ ಸರಾಸರಿಯ ಎರಡರಷ್ಟಕ್ಕೂ ಮಿಗಿಲು. ಐದನೇ ಹಂತ 175.6 ಕಿ.ಮೀ. ಇತ್ತು. ಮಹಿಳಾ ಹಂತಗಳಿಗೆ ಯುಸಿಐ ವಿಧಿಸಿದ್ದ ಸಾಮಾನ್ಯ ಮಿತಿ 160 ಕಿ.ಮೀ.; ಈ ಹಂತ ನಡೆದದ್ದು ವಿನಾಯಿತಿಯ ಮೇಲೆ. ವಿಜೇತೆಯರು ಕ್ರಮವಾಗಿ: 2022 ಅನ್ನೆಮಿಕ್ ಫಾನ್ ಫ್ಲ್ಯೂಟನ್, 2023 ಡೆಮಿ ಫೊಲರಿಂಗ್, 2024 ಕಾಶಾ ನೀವಿಯಾದೊಮಾ, 2025 ಪೊಲಿನ್ ಫೆರಾಂ-ಪ್ರೆವೊ. 2024ರಲ್ಲಿ ಮೊದಲ ಇಬ್ಬರ ಅಂತರ 4 ಸೆಕೆಂಡು ಮಾತ್ರ.

7. ಇಟಲಿಯ ಎಣಿಕೆ: ಹೋಲಿಕೆಗೆ

ಇಟಲಿಯ ಮಹಿಳಾ ಜಿರೊ 1988ರಲ್ಲಿ ಆರಂಭವಾಯಿತು. ಮೊದಲ ವಿಜೇತೆ ಮೇಲೆ ಹೇಳಿದ ಮರಿಯಾ ಕಾನಿನ್ಸ್. ಹೆಸರು ಹಲವು ಬಾರಿ ಬದಲಾಗಿದೆ. 2024ರಲ್ಲಿ ಪುರುಷರ ಜಿರೊ ನಡೆಸುವ ಆರ್‌ಸಿಎಸ್ ಸ್ಪೋರ್ಟ್ ಸಂಘಟನೆಯನ್ನು ವಹಿಸಿಕೊಂಡಿತು. ಆದರೂ ಆ ವರ್ಷದ್ದನ್ನು 35ನೇ ಆವೃತ್ತಿಯೆಂದೇ ಎಣಿಸಲಾಯಿತು. 1988ರಿಂದ 2024ಕ್ಕೆ 37 ವರ್ಷಗಳು. ನಡೆಯದ 1991 ಮತ್ತು 1992ನ್ನು ಕಳೆದರೆ 35. ಲೆಕ್ಕ ಸರಿಹೊಂದುತ್ತದೆ. ಹೆಸರು, ಸಂಘಟಕರು ಬದಲಾದರೂ ಇಲ್ಲಿ ಎಣಿಕೆ ಕಡಿದಿಲ್ಲ.

8. ನಾಲ್ಕು ಎಣಿಕೆಗಳು

ಫ್ರಾನ್ಸಿನ ಸ್ಪರ್ಧೆಗೆ 2025ರವರೆಗೆ ಈ ಕೆಳಗಿನ ಮೊತ್ತಗಳು ಸಾಧ್ಯ:

(ಕ) ಸಂಘಟಕರ ಅಧಿಕೃತ ಕ್ರಮ, 2022ರಿಂದ: 4.
(ಖ) ಟೂರ್ ಸಂಸ್ಥೆಯೇ ಮಹಿಳಾ ಟೂರ್ ಎಂದು ನಡೆಸಿದವು, 1984–89 (6) ಹಾಗೂ 2022–25 (4): 10.
(ಗ) ಮೇಲಿನದಕ್ಕೆ 1990–93ರ ನಾಲ್ಕನ್ನು ಅದರ ಮುಂದುವರಿಕೆಯೆಂದು ಒಪ್ಪಿ ಸೇರಿಸಿದರೆ: 14.
(ಘ) ಇದಕ್ಕೆ 1992–2009ರ ಖಾಸಗಿ ಸಾಲಿನ 17 (2004 ಬಿಟ್ಟು) ಮತ್ತು 1955ರ ಒಂದನ್ನು ಸೇರಿಸಿದರೆ: 32.

ಇವುಗಳಲ್ಲಿ ಯಾವುದೂ ಅಂಕಗಣಿತದ ತಪ್ಪಲ್ಲ. ಇಟಲಿಯ ಪದ್ಧತಿಯನ್ನು ಇಲ್ಲಿಗೆ ಅನ್ವಯಿಸಿದರೆ (ಘ)ಕ್ಕೆ ಹತ್ತಿರದ ಮೊತ್ತ ಬರಬಹುದು; ಆದರೆ 2009 ಮತ್ತು 2022ರ ನಡುವಿನ ದೀರ್ಘ ವಿರಾಮ ಆ ಹೋಲಿಕೆಯನ್ನು ದುರ್ಬಲಗೊಳಿಸುತ್ತದೆ. ಅಧಿಕೃತ ಸಂಖ್ಯೆ (ಕ) ಆದರೂ, ಅದೇ ಮನೆತನದ ಸಂಸ್ಥೆ 1984–89ರಲ್ಲಿ ನಡೆಸಿದ ಆರನ್ನು ಅದು ಒಳಗೊಳ್ಳುವುದಿಲ್ಲ ಎಂಬುದನ್ನು ಜೊತೆಗೇ ಹೇಳುವುದು ಉಚಿತ.

9. 'ಗುಡ್ಡಗಾಡು' ಎಂಬ ವಿಶೇಷಣ

ಬಹುಹಂತ ಸ್ಪರ್ಧೆಗಳಲ್ಲಿ ಏರುತಗ್ಗಿನ ಹಂತ ಮತ್ತು ಪರ್ವತ ಹಂತ ಬೇರೆಬೇರೆ. ಏರುಗಳನ್ನು ನಾಲ್ಕನೆಯದರಿಂದ ಮೊದಲನೆಯವರೆಗಿನ ದರ್ಜೆಗಳಲ್ಲೂ, ಅದಕ್ಕೂ ಮೇಲೆ 'ದರ್ಜೆಗೆ ಮೀರಿದ್ದು' ಎಂದೂ ಸಂಘಟಕರು ವಿಂಗಡಿಸುತ್ತಾರೆ. ಮುಖ್ಯ ಆಧಾರ ಏರಿನ ಉದ್ದ ಮತ್ತು ಕಡಿದು.

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಅಲ್ಲಿಂದ ವೇಣೂರು ಹಾದು ಮೂಡುಬಿದಿರೆ. ಮರಳಿ ಸಿದ್ಧಕಟ್ಟೆಯ ಮೂಲಕ ಬಂಟ್ವಾಳ. ಈ ತ್ರಿಕೋನ ಅಂದಾಜು 90ರಿಂದ 100 ಕಿ.ಮೀ. ಇದೆ, 160ರ ಮಿತಿಗೆ ಸಾಕಷ್ಟು ಒಳಗೆ. ಪದವು, ಗುಡ್ಡೆ, ಬೈಲುಗಳು ಒಂದರ ಹಿಂದೊಂದು ಬರುವ ಈ ನೆಲ ಮೇಲಿನ ಅರ್ಥದಲ್ಲಿ ಏರುತಗ್ಗಿನದು, ಪರ್ವತದ್ದಲ್ಲ. ಪರ್ವತ ಹಂತಕ್ಕೆ ಹತ್ತಿರವಾಗುವುದು ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಉಜಿರೆ ದಾಟಿ ಚಾರ್ಮಾಡಿ ಘಾಟಿಯಿಂದ ಕೊಟ್ಟಿಗೆಹಾರಕ್ಕೆ ಏರುವ ಭಾಗ. ಘಾಟಿಯ ಉದ್ದದ ಅಂಕಿ ಎಲ್ಲಿಂದ ಎಣಿಸುತ್ತೇವೆ ಎಂಬುದರ ಮೇಲೆ ಬದಲಾಗುತ್ತದೆ. ಬುಡದ ಸ್ಥಾನವನ್ನು ಹಿಂದೆ ಸರಿಸಿದಷ್ಟೂ ಸರಾಸರಿ ಕಡಿದು ಇಳಿಯುತ್ತದೆ.

ಎತ್ತರ ಮತ್ತು ಏರಿಕೆಯನ್ನು ಒಂದೆಂದು ತಿಳಿಯಬಾರದು. 2023ರ ಮಹಿಳಾ ಟೂರ್ ಏರಿದ ಟುರ್ಮಲೆ ಕಣಿವೆದಾರಿ 2,115 ಮೀ. ಎತ್ತರದ್ದು; ಬೆಳ್ತಂಗಡಿಯ ಕಡೆಯಿಂದ ಕಾಣುವ ಕುದುರೆಮುಖ ಶಿಖರವೇ 1,894 ಮೀ. ಆದರೆ 2024ರಲ್ಲಿ ಸ್ಪರ್ಧೆ ಮುಗಿದ ಆಲ್ಪ್ ದ್ಯುಯೆಜ್‌ನ ಏರು 13.8 ಕಿ.ಮೀ., ಸರಾಸರಿ ಶೇ. 8.1; ಗುಣಿಸಿದರೆ ನಿವ್ವಳ ಏರಿಕೆ ಸುಮಾರು 1,120 ಮೀ. ಮಾತ್ರ. ಕಡಲಮಟ್ಟಕ್ಕೆ ಹತ್ತಿರದಿಂದ ಹೊರಡುವ ಕರಾವಳಿಯ ಘಾಟಿಗಳನ್ನು ತೂಗಬೇಕಾದದ್ದು ಈ ಎರಡನೆಯ ಅಳತೆಯಿಂದ.

ಕಾಲವೂ ಗಣನೀಯ. ಜುಲೈ ಕೊನೆಯ ವಾರ ಇಲ್ಲಿ ಆಟಿ ತಿಂಗಳು. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ರಸ್ತೆಯೇ ಮುಚ್ಚಿತ್ತು. ಕರ್ನಾಟಕದ ದಾರಿಗಳನ್ನು ಒಳಗೊಂಡು 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರಿಸ್ ಡಿಸೆಂಬರ್ ತಿಂಗಳನ್ನು ಆರಿಸಿಕೊಂಡದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಮಸಿನಗುಡಿಯಿಂದ ಊಟಿಗೆ ಏರುವ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಅದರ ಹೆಸರಾಂತ ಭಾಗ. ಮಹಿಳೆಯರೂ ಪಾಲ್ಗೊಳ್ಳುವ ಈ ಯಾತ್ರೆಯಲ್ಲಿ ಸಮಯ ಅಳೆಯುವ ಭಾಗಗಳಿವೆ. ಆದರೂ ಅದು ಎರಡನೇ ವಿಭಾಗದ ಅರ್ಥದ ವೃತ್ತಿಪರ ಸ್ಪರ್ಧೆಯಲ್ಲ.

10. ನಿರ್ಣಯ

'ಮೊದಲ' ಎಂಬ ಪದವನ್ನು ಒಂಟಿಯಾಗಿ ಬಳಸಲು ಈ ದಾಖಲೆಗಳು ಅವಕಾಶ ಕೊಡುವುದಿಲ್ಲ. 'ಟೂರ್ ದ ಫ್ರಾನ್ಸ್' ಹೆಸರಿನ ಮೊದಲ ಮಹಿಳಾ ಬಹುಹಂತ ಸ್ಪರ್ಧೆ 1955ರದು. ಟೂರ್ ಸಂಸ್ಥೆಯೇ ನಡೆಸಿದ, ಪರ್ವತ ಹಂತಗಳುಳ್ಳ ಮೊದಲನೆಯದು 1984ರದು. ವೃತ್ತಿಪರ ವ್ಯವಸ್ಥೆಯೊಳಗಿನ ಮೊದಲನೆಯದು 2022ರದು. ಮುಂದೆ ಬರೆಯುವವರು ಆವೃತ್ತಿಯ ಸಂಖ್ಯೆಯ ಪಕ್ಕದಲ್ಲಿ ಎಣಿಕೆಯ ಆರಂಭ ವರ್ಷವನ್ನೂ, ಏರಿನ ಉದ್ದದ ಪಕ್ಕದಲ್ಲಿ ಅಳತೆ ಆರಂಭವಾದ ಸ್ಥಳವನ್ನೂ ನಮೂದಿಸಬೇಕೆಂದು ಕೋರಿಕೆ.